ಯುಗಾದಿ ಹೊತ್ತಿಗೆ ತುಮಕೂರು ಸುತ್ತ ನೀರಿರೋ ಜಾಗ ಯಾವುದು?

ಕ್ಯಾತ್ಸಂದ್ರ_ಸುರಗಿ:
ಯುಗಾದಿ ಕಳೆದ ಮೇಲಿನ ಭಾನುವಾರ ಬೆಳಗ್ಗೆ ಹೋಗಿ ಸಂಜೆಗೆ ಬರುವಂಥ ಜಾಗ ಹೇಳಿ. ತುಮಕೂರಿಂದ ಕಾರು, ಐದು ಜನ. ಮಕ್ಕಳಿಗೆ 6 ಮತ್ತು 10 ವರ್ಷ. ಅತ್ತೆಗೆ 68, ಮಂಡಿನೋವು, ಐವತ್ತು ಮೆಟ್ಟಿಲಿಗಿಂತ ಹೆಚ್ಚು ಆಗಲ್ಲ. ಮಕ್ಕಳಿಗೆ ಜಲಪಾತವೇ ಬೇಕಂತೆ. ರೀಲ್ಸಲ್ಲಿ ಕೇತೇನಹಳ್ಳಿ ಜಲಪಾತ, ಶ್ರೀನಿವಾಸಸಾಗರ, ಮಾರ್ಕೋನಹಳ್ಳಿ ಅಣೆಕಟ್ಟು ಎಲ್ಲ ಭೋರ್ಗರೀತಾ ಇವೆ. ಈಗ ಹೋದರೆ ಸಿಗುತ್ತಾ? ಊಟ ಮನೆಯಿಂದಲೇ ಒಯ್ಯೋದು.

ಬೆಟ್ಟದ_ದಾರಿ:
ಮೇಡಂ, ಸಿಗಲ್ಲ. ಆ ವಿಡಿಯೋಗಳೆಲ್ಲ ಮಳೆಗಾಲದವು. ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆಗಳಲ್ಲಿ ವರ್ಷಕ್ಕೆ ಬೀಳೋ ಮಳೆಯೇ ಹೆಚ್ಚುಕಡಿಮೆ 600–750 ಮಿ.ಮೀ., ಅದರಲ್ಲೂ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರಲ್ಲಿ. ಕೇತೇನಹಳ್ಳಿಯಂಥ ಜಲಪಾತಕ್ಕೆ ಬರೋದು ಬಂಡೆ ಮೇಲೆ ಹರಿದ ನೀರು ಮಾತ್ರ. ಮಳೆ ನಿಂತು ಕೆಲವು ವಾರಕ್ಕೆ ಅದು ಸೊರಗುತ್ತೆ, ಮಾರ್ಚಲ್ಲಿ ಬರಿ ಬಂಡೆ ಮೇಲಿನ ಕಪ್ಪು ಗೀರು ಕಾಣುತ್ತೆ. ಶ್ರೀನಿವಾಸಸಾಗರ ಕೋಡಿ ಬಿದ್ದಾಗಷ್ಟೇ ಕಟ್ಟೆ ಮೇಲಿಂದ ಇಳಿಯೋದು. ಮಾರ್ಕೋನಹಳ್ಳಿಯ ಸೈಫನ್ನು (ಹೆಚ್ಚಾದ ನೀರನ್ನು ಹೊರಹಾಕೋ ಕೊಳವೆ) ತಾನಾಗೇ ಶುರುವಾಗೋದು ಜಲಾಶಯ ಭರ್ತಿಯಾದ ಮೇಲೆ.

ಬೇಸಿಗೆಗೆ ಹುಡುಕಬೇಕಾದ್ದು ಜಲಪಾತ ಅಲ್ಲ, ಚಿಲುಮೆ. ಬಂಡೆ ಬಿರುಕಲ್ಲಿ, ಅದರ ಮೇಲಿನ ಮಣ್ಣಲ್ಲಿ ಇಂಗಿದ ನೀರು ತಿಂಗಳುಗಟ್ಟಲೆ ಜಿನುಗುತ್ತಾ ಇರುತ್ತೆ. ಧಾರೆ ಸಣ್ಣದು, ಆದರೆ ಮಾರ್ಚ್–ಏಪ್ರಿಲಲ್ಲೂ ಇರುತ್ತೆ. ಈ ವಿಷಯ ಮಕ್ಕಳಿಗೆ ಹೊರಡೋ ಮೊದಲೇ ಹೇಳಿಬಿಡಿ, ಅಲ್ಲಿಗೆ ಹೋಗಿ "ಇಷ್ಟೇನಾ" ಅಂತ ಮುಖ ಊದಿಸಿಕೊಳ್ಳೋದು ತಪ್ಪುತ್ತೆ.

ನಿಮ್ಮ ತಂಡಕ್ಕೆ ದೇವರಾಯನದುರ್ಗ, ಆಮೇಲೆ ನಾಮದ ಚಿಲುಮೆ. ಇದೇ ಕ್ರಮದಲ್ಲಿ, ತಿರುಗಿಸಬೇಡಿ. ಬೆಳಗ್ಗೆ 6.30ಕ್ಕೆ ಬಿಟ್ಟರೆ ಬೆಳಗುಂಬದ ದಾರಿಯಲ್ಲಿ ಮುಕ್ಕಾಲು ಗಂಟೆಯೊಳಗೆ ದುರ್ಗ. ಕೆಳಗಿನ ಭೋಗನರಸಿಂಹ ದೇವಸ್ಥಾನಕ್ಕೆ ಅತ್ತೆಯವರಿಗೆ ತೊಂದರೆ ಇಲ್ಲ. ಕಾರು ಇನ್ನೂ ಮೇಲಕ್ಕೆ ಹೋಗುತ್ತೆ, ಅಲ್ಲಿಂದ ಯೋಗನರಸಿಂಹನಿಗೆ ಮೆಟ್ಟಿಲು. ಅತ್ತೆ ಜೊತೆ ಒಬ್ಬರು ಕೆಳಗೆ ನೆರಳಲ್ಲಿ ಕೂರಲಿ, ಇನ್ನೊಬ್ಬರು ಮಕ್ಕಳನ್ನು ಹತ್ತಿಸಿಕೊಂಡು ಬರಲಿ. 9.30ರೊಳಗೆ ಇಳಿದುಬಿಡಿ. ಅದಾದ ಮೇಲೆ ಕಲ್ಲು ಕಾಯುತ್ತೆ, ಚಪ್ಪಲಿ ಬಿಟ್ಟು ನಡೆಯೋ ಕಡೆ ಮಕ್ಕಳ ಪಾದ ಬೊಬ್ಬೆ ಏಳುತ್ತೆ. ದಪ್ಪ ಹತ್ತಿ ಕಾಲುಚೀಲ ಎಲ್ಲರಿಗೂ ಒಂದೊಂದು ಜೊತೆ ಇಟ್ಟುಕೊಳ್ಳಿ.

ಇಳಿಯುವಾಗ ಎರಡನೇ ಗೇರಲ್ಲೇ ಬನ್ನಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿಯಾಗಿ ಹಿಡಿತ ಕಮ್ಮಿಯಾಗುತ್ತೆ, ಸುಟ್ಟ ವಾಸನೆ ಬಂದರೆ ಅದೇ. ಆಟೋಮ್ಯಾಟಿಕ್ ಗಾಡಿಯಾದರೆ ಎಲ್ (ಲೋ ಗೇರ್) ಇಲ್ಲವೇ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ.

ಬಿಸಿಲೇರೋ ಹೊತ್ತಿಗೆ ನಾಮದ ಚಿಲುಮೆ. ಶ್ರೀರಾಮ ಹಣೆಗೆ ನಾಮ ಇಟ್ಟುಕೊಳ್ಳೋಕೆ ಬಾಣ ಬಿಟ್ಟು ನೀರು ತರಿಸಿದ ಅಂತ ಸ್ಥಳಪುರಾಣ ಇರೋ ಜಾಗ. ಬಂಡೆಯಲ್ಲಿ ಒಂದು ಕುಳಿ, ಅದರಲ್ಲಿ ತಿಳಿ ನೀರು. ಮರ ಇವೆ, ನೆಲ ಮಟ್ಟಸ, ಜಿಂಕೆ ಆವರಣ, ಔಷಧಿ ಗಿಡಗಳ ತೋಟ ಪಕ್ಕದಲ್ಲೇ. ಊಟ, ಮಧ್ಯಾಹ್ನದ ನಿದ್ದೆ ಎಲ್ಲ ಇಲ್ಲೇ ಆಗಲಿ. ಚಿಲುಮೆಗೆ ಕೈ, ಕಾಲು, ಬಾಟಲಿ ಅದ್ದಬಾರದು, ಅಷ್ಟೇ. ಹತ್ತು ವರ್ಷದವನಿಗೆ (ಅಥವಾ ಅವಳಿಗೆ) ಇದನ್ನೂ ಹೇಳಿ: ಇದೇ ಬೆಟ್ಟಗಳ ಒಂದು ಮಗ್ಗುಲ ನೀರು ಶಿಂಷೆಯಾಗಿ ಕಾವೇರಿ ಸೇರುತ್ತೆ, ಇನ್ನೊಂದು ಮಗ್ಗುಲದ್ದು ಜಯಮಂಗಲಿಯಾಗಿ ಉತ್ತರ ಪಿನಾಕಿನಿಗೆ.

ಶಿರಾಗೇಟ್_ಪುಟ್ಟ:
ಸಿದ್ಧರಬೆಟ್ಟ ಬಿಟ್ಟರಲ್ಲ ಅಣ್ಣ. ಕೊರಟಗೆರೆ ಕಡೆ, ದಾರಿಗೆ ಮರದ ನೆರಳು, ಮೇಲೆ ಗುಹೆಯಲ್ಲಿ ಸಿದ್ಧೇಶ್ವರ, ಅಲ್ಲೇ ನೀರು. ಸುವರ್ಣಮುಖಿ ಹುಟ್ಟೋ ಬೆಟ್ಟ. ದುರ್ಗಕ್ಕಿಂತ ಚೆಂದ.

ಬೆಟ್ಟದ_ದಾರಿ:
ಚೆಂದ ಹೌದು ಪುಟ್ಟ, ಐವತ್ತು ಮೆಟ್ಟಿಲಿನವರಿಗೆ ಅಲ್ಲ. ಗುಹೆ ಒಳಗೆ ಬಗ್ಗಿ ನಡೀಬೇಕು, ಕತ್ತಲೆ, ಕಾಲಡಿ ಒದ್ದೆ. ಮಂಡಿನೋವಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ ಅನ್ನೋದು ಮರೀಬೇಡ. ಮಧುಗಿರಿಯನ್ನೂ ಇದೇ ಕಾರಣಕ್ಕೆ ಹೇಳಲಿಲ್ಲ. ಅಲ್ಲಂತೂ ಏಕಶಿಲೆ, ನೆರಳಿಲ್ಲ, ಮೇಲಿನ ಭಾಗ ಬರಿ ಬಂಡೆ. ಈ ಕಾಲದಲ್ಲಿ ಬೆಳಕು ಹರಿಯುತ್ತಲೇ ಹತ್ತದಿದ್ದರೆ ಬೇಡವೇ ಬೇಡ.

ಕೋಲಾರ_ಶತಶೃಂಗ:
ಹರಿಯೋ ನೀರೇ ಬೇಕು ಅಂತ ಮಕ್ಕಳು ಹಟ ಹಿಡಿದರೆ ಅಂತರಗಂಗೆ. ಕೋಲಾರ ಪೇಟೆ ಪಕ್ಕದ ಶತಶೃಂಗ ಬೆಟ್ಟದಲ್ಲಿ, ಕಾಶಿ ವಿಶ್ವೇಶ್ವರ ದೇವಸ್ಥಾನದ ಹತ್ತಿರ ಬಸವನ ಬಾಯಿಂದ ಕಲ್ಯಾಣಿಗೆ ವರ್ಷವಿಡೀ ನೀರು ಬೀಳುತ್ತೆ. ಬೇಸಿಗೆಯಲ್ಲಿ ಧಾರೆ ಸಣ್ಣಗಾಗುತ್ತೆ. ಆದರೆ ತುಮಕೂರಿಂದ ಒಂದು ಕಡೆಗೇ ಮೂರು ಗಂಟೆ ಹಿಡಿಯುತ್ತೆ. ಬೆಂಗಳೂರು ಊರೊಳಗೆ ನುಗ್ಗಬೇಡಿ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ವಿಜಯಪುರ, ವೇಮಗಲ್ ಹಿಡೀರಿ. ದೇವಸ್ಥಾನಕ್ಕೆ ಐವತ್ತಕ್ಕಿಂತ ಎಷ್ಟೋ ಹೆಚ್ಚು ಮೆಟ್ಟಿಲಿವೆ, ಅತ್ತೆಯವರಿಗೆ ಆಗಲ್ಲ.

ಅಂತರಗಂಗೆ ಬೆಟ್ಟದ ಗುಹೆಗೆ ಹೋಗೋದಾದರೆ: ದೇವಸ್ಥಾನದ ಹಿಂದಿನ ಕಾಲುದಾರಿ, ದಾರಿ ಗೊತ್ತಿರೋ ಸ್ಥಳೀಯರನ್ನು ಕರ್ಕೊಳ್ಳಿ. ದಪ್ಪ ಬಂಡೆಗಳ ಸಂದಿಯಲ್ಲಿ ತೆವಳಬೇಕು, ಎರಡೂ ಕೈ ಬೇಕು, ಹಾಗಾಗಿ ಮೊಬೈಲ್ ಟಾರ್ಚ್ ಅಲ್ಲ, ತಲೆಗೆ ಕಟ್ಟೋ ಟಾರ್ಚ್. 6 ವರ್ಷದವರಿಗೆ ಬೇಡ.

ದೂರ ಹೋಗಲೇಬೇಕು, ಹತ್ತೋದು ಬೇಡ ಅಂದರೆ ಚಿಕ್ಕಬಳ್ಳಾಪುರ ಕಡೆ ನಂದಿ ಗ್ರಾಮದ ಭೋಗನಂದೀಶ್ವರ. ಬೆಟ್ಟದ ಬುಡದಲ್ಲಿದೆ, ಕಲ್ಲು ಮಂಟಪದ ನೆರಳು, ಒಳಗೇ ದೊಡ್ಡ ಕಲ್ಯಾಣಿ. ಅದೇ ಕಡೆಯ ಸ್ಕಂದಗಿರಿ ಬೆಟ್ಟ ಹತ್ತೋದಾದರೆ ಆನ್‌ಲೈನ್ ಟಿಕೆಟ್ ಮೊದಲೇ ಮಾಡಿಸಿರಬೇಕು, ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಚಾರಣ ನಿಲ್ಲಿಸೋದೂ ಉಂಟು.

ಆ ದಾರಿಯಲ್ಲಿ ಹಳೇ ಕಲ್ಲುಕ್ವಾರಿಗಳಲ್ಲಿ ಹಸಿರು ನೀರು ಕಾಣುತ್ತೆ, ಮಕ್ಕಳು ಈಜ್ತೀವಿ ಅಂತಾರೆ. ಬೇಡ. ಕೆರೆಯ ಹಾಗೆ ಅದು ಇಳಿಜಾರಾಗಿ ಆಳ ಆಗಲ್ಲ, ಅಂಚಿಂದಲೇ ನೇರ ಕೆಳಗೆ. ಹತ್ತಿ ಬರೋಕೆ ಹಿಡಿಕೆ ಸಿಗಲ್ಲ, ಈಜು ಬಂದವರೂ ಅಲ್ಲೇ ಸೋಲೋದು.

ಶಿರಾಗೇಟ್_ಪುಟ್ಟ:
ಹೆಜ್ಜೇನಿನ ವಿಷಯ ಯಾರೂ ಎತ್ತಲಿಲ್ಲ. ಹೊಂಗೆ, ಮಾವು ಹೂ ಬಿಡೋ ಕಾಲ, ಬಂಡೆ ಮುಖದಲ್ಲಿ, ಎತ್ತರದ ಮರದಲ್ಲಿ ಗೂಡು ಕಟ್ಟಿರುತ್ತೆ. ಕಾರು ನಿಲ್ಲಿಸೋ ಮೊದಲು ತಲೆ ಎತ್ತಿ ನೋಡಿ. ಸೆಂಟು ಹಾಕ್ಕೋಬೇಡಿ, ಹೊಗೆ ಎಬ್ಬಿಸಬೇಡಿ, ಮಕ್ಕಳು ಕಲ್ಲು ಎಸೀದ ಹಾಗೆ ನೋಡ್ಕೊಳ್ಳಿ. ಎದ್ದುಬಿಟ್ಟರೆ ಕೈ ಬೀಸದೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಕಾರಿನೊಳಗೆ ಓಡಿ, ಗಾಜು ಏರಿಸಿ. ನೀರಿಗೆ ಹಾರೋದು ಉಪಯೋಗ ಇಲ್ಲ, ತಲೆ ಎತ್ತಿದ ತಕ್ಷಣ ಮತ್ತೆ ಕಚ್ತಾವೆ. ಮುಳ್ಳನ್ನು ತಡ ಮಾಡದೆ ಉಗುರಲ್ಲಿ ಕೆರೆದು ತೆಗೀರಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ವಾಂತಿಯಾದರೆ ಕಾಯಬೇಡಿ, 108.

ಕೋತಿಗೆ ಪ್ಲಾಸ್ಟಿಕ್ ಕವರ್ ಸದ್ದೇ ಸಾಕು. ಊಟದ ಬುತ್ತಿ ಬಟ್ಟೆ ಚೀಲದಲ್ಲಿ, ಡಿಕ್ಕಿಯಲ್ಲಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದರೇ ಪರಚೋದು. ಪರಚಿದರೆ, ಕಚ್ಚಿದರೆ ಸೋಪು ಹಾಕಿ ಹರಿಯೋ ನೀರಲ್ಲಿ ಕಾಲು ಗಂಟೆ ತೊಳೆದು, ಅವತ್ತೇ ರೇಬಿಸ್ ಚುಚ್ಚುಮದ್ದು.

ಕ್ಯಾತ್ಸಂದ್ರ_ಸುರಗಿ:
ದುರ್ಗ, ನಾಮದ ಚಿಲುಮೆ ಅಂತ ತೀರ್ಮಾನ ಆಯ್ತು. ಇನ್ನೆರಡು ಅನುಮಾನ. ಪುಳಿಯೋಗರೆ, ಮೊಸರನ್ನ ಒಯ್ಯೋಣ ಅಂತ. ಮೊಸರನ್ನ ಆ ಬಿಸಿಲಿಗೆ ಹುಳಿ ಬರಲ್ವಾ? ಮತ್ತೆ ಅತ್ತೆ ಬೆಟ್ಟದ ತೀರ್ಥ ಮನೆಗೆ ತರಬೇಕು ಅಂತಿದಾರೆ, ಕುಡೀಬಹುದಾ?

ಬೆಟ್ಟದ_ದಾರಿ:
ಮೊಸರಲ್ಲಿ ಕಲಸಿದರೆ ಮಧ್ಯಾಹ್ನಕ್ಕೆ ಬಾಯಿಗಿಡೋಕಾಗಲ್ಲ. ಅನ್ನ ಮೆತ್ತಗೆ ಮಾಡಿ, ಬಿಸಿಯಲ್ಲೇ ಮಸೆದು, ಕಾಯಿಸಿ ಆರಿಸಿದ ಹಾಲು ಹಾಕಿ. ಒಂದು ಪಾವು ಅಕ್ಕಿಗೆ ಅರ್ಧ ಲೀಟರ್ ಹಾಲು, ಅನ್ನ ಉಗುರುಬೆಚ್ಚಗಾದ ಮೇಲೆ ಎರಡು ಚಮಚ ಮೊಸರು. ಬೆಳಗ್ಗೆ 6ಕ್ಕೆ ಕಲಸಿದ್ದು 12.30ಕ್ಕೆ ಹದವಾಗಿರುತ್ತೆ. ಹಸಿ ಈರುಳ್ಳಿ, ಸೌತೆಕಾಯಿ ಬೇಡ, ನೀರು ಬಿಡುತ್ತೆ. ಒಲೆ ಮಾತ್ರ ಒಯ್ಯಬೇಡಿ, ಒಣಹುಲ್ಲಿಗೆ ಒಂದು ಕಿಡಿ ಬಿದ್ದರೂ ಬೆಟ್ಟ ಹತ್ತಿಕೊಳ್ಳುತ್ತೆ. ನೀರು ಹತ್ತೋವರಿಗೆ ತಲಾ 3 ಲೀಟರ್, ಕೂರೋವರಿಗೆ 2.

ತೀರ್ಥ ತರಲಿ, ಪೂಜೆಗೆ ಇಡಲಿ. ಕುಡಿಯೋದಾದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ ಆರಿಸಿದ ಮೇಲೆ. ನೀರು ತಿಳಿಯಾಗಿದ್ದ ಮಾತ್ರಕ್ಕೆ ಶುದ್ಧ ಅಲ್ಲ, ಕೋತಿ ಜಿಂಕೆ ಓಡಾಡೋ ಬೆಟ್ಟ ಅದು. ಮಕ್ಕಳಿಗಂತೂ ಅಲ್ಲೇ ಬೊಗಸೆಯಲ್ಲಿ ಕುಡಿಸಬೇಡಿ.