ಎಂಎಂ540: ಸ್ಪ್ರಿಂಗ್ ಆಕ್ಸಲ್ ಮೇಲಕ್ಕೆ ಹಾಕಿದ ಮೇಲೆ ಹಿಂದಿನ ಶಾಫ್ಟ್ ನಡುಕ, ಕ್ರಾಸ್ ಪದೇ ಪದೇ ಹೋಗ್ತಿದೆ

ಕಕ್ಕಡ_ಕೆಸರು (ಸಿದ್ದಾಪುರ):
ನಮಸ್ಕಾರ. ಹಳೇ ಮಹೀಂದ್ರ ಜೀಪ್ ಎಂಎಂ540ರ ಚಾಸಿಸ್ ಮೇಲೆ ಮನೆಯಲ್ಲೇ ತೋಟಕ್ಕೊಂದು ಪಿಕಪ್ ಕಟ್ಟುತ್ತಿದ್ದೇನೆ. ಆಕ್ಸಲ್ ಕೆಳಗಿದ್ದ ಹಿಂದಿನ ಸ್ಪ್ರಿಂಗ್‌ಗಳನ್ನು ಮೇಲಕ್ಕೆ ತಂದು ಹೊಸ ಪರ್ಚ್ (ಸ್ಪ್ರಿಂಗ್ ಕೂರುವ ಪೀಠ) ವೆಲ್ಡ್ ಮಾಡಿ ಆಯ್ತು. ಎತ್ತರ ಸುಮಾರು 5 ಇಂಚು ಜಾಸ್ತಿ ಆಗಿದೆ. 35 ಕಿ.ಮೀ. ವೇಗಕ್ಕೆ ಸೀಟಿನಡಿ ನಡುಕ ಶುರು, 45ಕ್ಕೆ ಗೇರ್ ಲಿವರ್ ಹಿಡಿಯೋಕಾಗಲ್ಲ. ಎರಡು ತಿಂಗಳಲ್ಲಿ ಎರಡು ಕ್ರಾಸ್ (ಶಾಫ್ಟಿನ ತುದಿಯ ಬಾಗುವ ಕೀಲು) ಹೋಯ್ತು, ಎರಡೂ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್ ಹಿಂದಿನ, ಶಾಫ್ಟನ್ನು ತಿರುಗಿಸುವ ಪೆಟ್ಟಿಗೆ) ಕಡೆಯದ್ದೇ. ಶಾಫ್ಟ್ ಬ್ಯಾಲೆನ್ಸ್ ಆಗಿದೆ, ಟೈರ್ ಅದಲುಬದಲು ಮಾಡಿಯೂ ನೋಡಾಯ್ತು. ಪಿನಿಯನ್ (ಆಕ್ಸಲ್‌ನಲ್ಲಿ ಶಾಫ್ಟ್ ಸೇರುವ ಗೇರ್) ಮೂತಿ ಟ್ರಾನ್ಸ್‌ಫರ್ ಕೇಸನ್ನೇ ನೋಡುವ ಹಾಗೆ ಪರ್ಚ್ ಕೂರಿಸಿದೆ. ಎಲ್ಲಿ ತಪ್ಪಿದೆ?

ಸೋಮವಾರಪೇಟೆ_ಲೇಥ್:
ಸರ್, ಮೊದಲು ಎರಡು ವಿಷಯ ತಿಳಿಸಿ. ಓಡುವಾಗ ಕ್ಲಚ್ ಒತ್ತಿ ಎಂಜಿನ್ ಐಡಲ್‌ಗೆ ಬಿಟ್ಟರೂ ನಡುಕ ಹಾಗೇ ಇರುತ್ತಾ? ಇದ್ದರೆ ಎಂಜಿನ್ ಮೌಂಟಿಂಗ್ ಕಾರಣ ಅಲ್ಲ, ಶಾಫ್ಟಿನಿಂದ ಚಕ್ರದವರೆಗಿನ ಭಾಗದ್ದು. ಎರಡನೆಯದು, ಶಾಫ್ಟಿನ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಕಿವಿಗಳು ಒಂದೇ ಸಾಲಿನಲ್ಲಿವೆಯಾ? ಸ್ಲಿಪ್ ಜಾಯಿಂಟ್ (ಶಾಫ್ಟ್ ಉದ್ದ ಕುಗ್ಗಿ ಹಿಗ್ಗುವ ಜಾಗ) ಬಿಚ್ಚಿ ಜೋಡಿಸುವಾಗ ಒಂದು ಹಲ್ಲು ಆಚೀಚೆ ಕೂತರೂ ಬ್ಯಾಲೆನ್ಸ್ ಮಾಡಿಸಿದ್ದು ದಂಡ. ಶಾಫ್ಟನ್ನು ನೆಲದ ಮೇಲಿಟ್ಟು ಒಂದು ತುದಿಯಿಂದ ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತೆ.

ಆಮೇಲೆ ಕೋನ ಅಳೆಯಿರಿ. ಗಾಡಿ ಸಮತಟ್ಟು ಜಾಗದಲ್ಲಿ, ನಾಲ್ಕೂ ಚಕ್ರ ನೆಲದ ಮೇಲೆ ಇರಬೇಕು, ಜ್ಯಾಕ್ ಮೇಲೆ ಅಳೆದ ಲೆಕ್ಕ ಬೇಡ. ಟ್ರಾನ್ಸ್‌ಫರ್ ಕೇಸ್ ಫ್ಲೇಂಜ್ (ಶಾಫ್ಟನ್ನು ಬೋಲ್ಟ್ ಮಾಡುವ ತಟ್ಟೆ), ಶಾಫ್ಟ್, ಪಿನಿಯನ್ ಫ್ಲೇಂಜ್, ಈ ಮೂರು ಕೋನ ಸಾಕು. ಫ್ಲೇಂಜಿನ ಮುಖಕ್ಕೆ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಅದರ ಮೇಲೆ ಫೋನಿನ ಲೆವೆಲ್ ಆಪ್ ಇಡಿ, ಬಂದದ್ದನ್ನು 90ರಿಂದ ಕಳೆಯಿರಿ.

ಕಕ್ಕಡ_ಕೆಸರು:
ಕ್ಲಚ್ ಒತ್ತಿದರೂ ನಡುಕ ನಿಲ್ಲಲ್ಲ. ಯೋಕ್ ಸಾಲಿನಲ್ಲೇ ಇವೆ. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 4 ಡಿಗ್ರಿ ಇಳಿಜಾರು, ಶಾಫ್ಟ್ 17 ಡಿಗ್ರಿ, ಪಿನಿಯನ್ ಮೂತಿ ಮೇಲಕ್ಕೆ 15 ಡಿಗ್ರಿ. ಕ್ರಾಸಿಂದ ಕ್ರಾಸಿಗೆ ಶಾಫ್ಟ್ ಉದ್ದ 70 ಸೆಂ.ಮೀ. ಬಿಚ್ಚಿದ ಕ್ರಾಸಿನ ಕಡ್ಡಿ ಮೇಲೆ ಸೂಜಿ ಬೇರಿಂಗಿನ ಗೆರೆಗಳು ಸಾಲಾಗಿ ಕೊರೆದ ಹಾಗೆ ಬಿದ್ದಿವೆ, ಕಪ್ ಒಳಗೆ ಗ್ರೀಸ್ ಬದಲು ಕಂದು ಪುಡಿ.

ಸೋಮವಾರಪೇಟೆ_ಲೇಥ್:
ಕಾರಣ ಸಿಕ್ಕಿತು. ಮುಂದಿನ ಜಾಯಿಂಟ್ 17ರಲ್ಲಿ 4 ಕಳೆದರೆ 13 ಡಿಗ್ರಿ, ಹಿಂದಿನದು 17ರಲ್ಲಿ 15 ಕಳೆದರೆ ಬರೀ 2. ಒಂಟಿ ಕ್ರಾಸ್ ಕೋನದಲ್ಲಿ ತಿರುಗುವಾಗ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಬೇಗ ಮಾಡುತ್ತೆ, ಎರಡು ಸಲ ನಿಧಾನ ಮಾಡುತ್ತೆ. ಹಿಂದಿನ ಕ್ರಾಸ್ ಅಷ್ಟೇ ಕೋನದಲ್ಲಿದ್ದರೆ ಆ ಏರಿಳಿತವನ್ನು ವಾಪಸ್ ಸರಿ ಮಾಡುತ್ತೆ. ನಿಮ್ಮದರಲ್ಲಿ ಸರಿ ಮಾಡೋಕೆ ಹಿಂದೆ ಕೋನವೇ ಇಲ್ಲ, ಏರಿಳಿತ ಪೂರ್ತಿ ಪಿನಿಯನ್‌ಗೆ ಹೋಗ್ತಿದೆ. ಎರಡರ ನಡುವಿನ ವ್ಯತ್ಯಾಸ 1 ಡಿಗ್ರಿ ಒಳಗಿರಬೇಕು, ನಿಮ್ಮದು 11. ಪರ್ಚ್ ಕತ್ತರಿಸಿ ಪಿನಿಯನ್ ಮೂತಿಯನ್ನು 3 ಡಿಗ್ರಿಗೆ ಇಳಿಸಿ. ಟ್ರಾನ್ಸ್‌ಫರ್ ಕೇಸಿಗಿಂತ 1 ಡಿಗ್ರಿ ಕಮ್ಮಿ ಯಾಕೆಂದರೆ, ಎಳೆತ ಬಿದ್ದಾಗ ಸ್ಪ್ರಿಂಗ್ ತಿರುಚಿ ಮೂತಿ ಮೇಲೇಳುತ್ತೆ.

ಬೋಲ್ಟ್‌ನಟ್_ಗೋಣಿಕೊಪ್ಪ:
ಕಾರಣ ಸರಿಯಾಗಿ ಹೇಳಿದ್ದೀರಿ ಅಣ್ಣ, ಪರಿಹಾರ ಮಾತ್ರ ಈ ಗಾಡಿಗೆ ಒಗ್ಗಲ್ಲ. ಪರ್ಚ್ ಕತ್ತರಿಸೋದು ಬೇಡ, ದಯವಿಟ್ಟು ತಡೆಯಿರಿ.

ಮೂತಿ ಇಳಿಸಿದರೆ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಆಕ್ಸಲ್ ಸುತ್ತ ತಿರುಗುತ್ತೆ, ಪಿನಿಯನ್ ಫ್ಲೇಂಜೂ ಕೆಳಗೆ ಹೋಗುತ್ತೆ. ಆಕ್ಸಲ್ ನಡುವಿನಿಂದ ಫ್ಲೇಂಜ್‌ವರೆಗೆ ಸುಮಾರು 25 ಸೆಂ.ಮೀ. ಅಂತ ಹಿಡಿಯಿರಿ: 15ರಿಂದ 3ಕ್ಕೆ ತಂದರೆ ಫ್ಲೇಂಜ್ 5 ಸೆಂ.ಮೀ. ಕೆಳಗೆ. 70 ಸೆಂ.ಮೀ. ಶಾಫ್ಟ್‌ನಲ್ಲಿ ಅದು 17 ಡಿಗ್ರಿಯನ್ನು 21 ದಾಟಿಸುತ್ತೆ. ಆಗ ಮುಂದೆ 17, ಹಿಂದೆ 18 ಡಿಗ್ರಿ. ನಡುಕ ಕಮ್ಮಿ ಆಗುತ್ತೆ ನಿಜ, ಆದರೆ ಆ ಕೋನದಲ್ಲಿ ಒಂಟಿ ಕ್ರಾಸ್ ಬಾಳಲ್ಲ. ಹಿಂದಿನ ಚಕ್ರ ಗುಂಡಿಗೆ ಜೋತರೆ ಯೋಕಿಗೆ ಯೋಕ್ ತಾಗುತ್ತೆ.

ಸರ್, ನಿಮ್ಮ ಪರ್ಚ್ ತಪ್ಪಿಲ್ಲ. ಅದು ಡಬಲ್ ಜಾಯಿಂಟ್ ಶಾಫ್ಟಿಗೆ ಬೇಕಾದ ಕೋನ. ಅದಕ್ಕೆ ಒಂಟಿ ಜಾಯಿಂಟ್ ಶಾಫ್ಟ್ ಹಾಕಿದ್ದೇ ತಪ್ಪು. ಟ್ರಾನ್ಸ್‌ಫರ್ ಕೇಸ್ ಕಡೆ ಜೋಡಿ ಕ್ರಾಸ್ ಇರುವ ಶಾಫ್ಟ್ ಹಾಕಿದರೆ 13 ಡಿಗ್ರಿ ಎರಡಾಗಿ ಹಂಚಿ ತಲಾ ಆರೂವರೆ ಆಗುತ್ತೆ, ಏರಿಳಿತ ಅಲ್ಲೇ ಮುಗಿಯುತ್ತೆ. ಹಿಂದೆ ಬೇಕಿರೋದು 1ರಿಂದ 2 ಡಿಗ್ರಿ, ನಿಮ್ಮಲ್ಲಿ 2 ಇದೆ. ಪೂರ್ತಿ ಸೊನ್ನೆ ಬೇಡ, ಸೂಜಿಗಳು ಸ್ವಲ್ಪವಾದರೂ ಹೊರಳದಿದ್ದರೆ ಒಂದೇ ಜಾಗದಲ್ಲಿ ಕೊರೆಯುತ್ತವೆ.

ಶಾಫ್ಟ್ ಮಾಡಿಸುವಾಗ ನೋಡಿಕೊಳ್ಳಬೇಕಾದ್ದು: ಎರಡೂ ಫ್ಲೇಂಜಿನ ಬೋಲ್ಟ್ ತೂತುಗಳ ಅಂತರ ಅಳೆದು ಬರೆದುಕೊಂಡು ಹೋಗಿ. ಉದ್ದವನ್ನು ಗಾಡಿ ನೆಲದ ಮೇಲಿರುವಾಗ ಒಂದು ಸಲ, ಚಾಸಿಸ್ ಎತ್ತಿ ಆಕ್ಸಲ್ ಪೂರ್ತಿ ಜೋತಾಡುವಾಗ ಇನ್ನೊಂದು ಸಲ ಅಳೆಯಿರಿ. ನೆಲದ ಮೇಲಿರುವಾಗ ಸ್ಲಿಪ್ ಒಳಕ್ಕೆ ಹೋಗಲು ಕನಿಷ್ಠ 25 ಮಿ.ಮೀ. ಉಳಿದಿರಬೇಕು, ಜೋತಾಗಲೂ ಸ್ಪ್ಲೈನ್ (ಸ್ಲಿಪ್‌ನ ಹಲ್ಲುಗಳು) ಚೆನ್ನಾಗಿ ಒಳಗೆ ಹಿಡಿದಿರಬೇಕು. ಕೂರಿಸಿದ ಮೇಲೆ ಆಕ್ಸಲ್ ಜೋತಾಡುವ ಸ್ಥಿತಿಯಲ್ಲೇ ಕೈಯಲ್ಲಿ ಶಾಫ್ಟನ್ನು ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಬಿಗಿಯಾದರೆ ಚಾಸಿಸ್‌ನಿಂದ ಆಕ್ಸಲ್‌ಗೆ ಬೆಲ್ಟ್ ಕಟ್ಟಿ ಆಕ್ಸಲ್ ಇಳಿಯೋದನ್ನು ಅಷ್ಟಕ್ಕೇ ನಿಲ್ಲಿಸಿ.

ಸೋಮವಾರಪೇಟೆ_ಲೇಥ್:
ಒಪ್ಪಿದೆ. ಫ್ಲೇಂಜ್ ಇಳಿಯೋದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉದ್ದ ಶಾಫ್ಟಿನ ಗಾಡಿಯಾಗಿದ್ದರೆ ನಡೆಯುತ್ತಿತ್ತು, ಜೀಪಿನ ಗಿಡ್ಡ ಶಾಫ್ಟಿಗೆ ಇಲ್ಲ.

ಕಕ್ಕಡ_ಕೆಸರು:
ಚಾಸಿಸ್‌ಗೂ ಕ್ರಾಸ್‌ಮೆಂಬರ್‌ಗೂ (ಟ್ರಾನ್ಸ್‌ಫರ್ ಕೇಸ್ ಹೊತ್ತ ಅಡ್ಡಪಟ್ಟಿ) ನಡುವೆ 25 ಮಿ.ಮೀ. ಬುಶ್ ಕೊಟ್ಟು ಟ್ರಾನ್ಸ್‌ಫರ್ ಕೇಸ್ ಇಳಿಸಿದರೆ ಇನ್ನೂ ಒಳ್ಳೆಯದಾ? ಗಾಡಿಗೆ 8 ಚೀಲ ಕಾಫಿ ಹಾಕ್ತೀವಿ, ಅಂದರೆ 400 ಕೆಜಿ.

ಬೋಲ್ಟ್‌ನಟ್_ಗೋಣಿಕೊಪ್ಪ:
ಬೇಡ. ಇಳಿಸಿದರೆ ಶಾಫ್ಟ್ 15 ಡಿಗ್ರಿಗೆ ಬರುತ್ತೆ, ಹಿಂದಿನ ಜಾಯಿಂಟ್ ಸೊನ್ನೆ ಆಗುತ್ತೆ. ಅದಕ್ಕಿಂತ ಮುಖ್ಯ, ತೋಟದ ರಸ್ತೆಯ ನಡುವಿನ ದಿಬ್ಬಕ್ಕೆ ಮೊದಲು ತಾಗೋದೇ ಆ ಕ್ರಾಸ್‌ಮೆಂಬರ್. ಎತ್ತರಕ್ಕೆಂದು ಪಟ್ಟ ಕಷ್ಟ ಅಲ್ಲೇ ಹೋಯ್ತು. 8 ಚೀಲ ಹಾಕಿ ಮತ್ತೊಮ್ಮೆ ಮೂರೂ ಕೋನ ಅಳೆಯಿರಿ. ಸ್ಪ್ರಿಂಗ್ 5 ಸೆಂ.ಮೀ. ಕೂತರೆ ಶಾಫ್ಟ್ 13ರ ಹತ್ತಿರ ಬರುತ್ತೆ, ಹಿಂದಿನ ಜಾಯಿಂಟ್ ಇನ್ನೊಂದು ಕಡೆಗೆ 2 ಡಿಗ್ರಿ. ಅಷ್ಟು ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಸ್ಪ್ರಿಂಗಿಗೆ ಒಂದು ಪ್ಲೇಟ್ ಸೇರಿಸಬೇಕು.

ಇನ್ನೊಂದು ಮರೆಯಬೇಡಿ, ಎಣ್ಣೆ. ಮೂತಿ ಅಷ್ಟು ಎತ್ತಿದಾಗ ಹಿಂದಿನ ಎಣ್ಣೆ ತುಂಬುವ ಪ್ಲಗ್ ಕೆಳಗೆ ಬಂದಿರುತ್ತೆ. ಪ್ಲಗ್ ಮಟ್ಟಕ್ಕೆ ತುಂಬಿದ್ದೀನಿ ಅಂದುಕೊಂಡರೂ ಒಳಗೆ ಕಮ್ಮಿ ಇರುತ್ತೆ, ಪಿನಿಯನ್ನಿನ ಮುಂದಿನ ಬೇರಿಂಗ್ ಒಣಗುತ್ತೆ. ಗಾಡಿಯ ಮೂತಿ ಕೆಳಗಿರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಇಪಿ 90 ಗೇರ್ ಎಣ್ಣೆ ತುಂಬಿಸಿ. ನಮ್ಮ ಊರಲ್ಲಿ ಅಂಥ ಜಾಗಕ್ಕೆ ಬರವಿಲ್ಲ. ಬ್ರೀದರ್‌ಗೆ (ಹೌಸಿಂಗ್‌ಗೆ ಗಾಳಿ ಆಡುವ ತೂತು) ರಬ್ಬರ್ ಪೈಪ್ ಹಾಕಿ ಚಾಸಿಸ್ ಎತ್ತರಕ್ಕೆ ತನ್ನಿ. ಬಿಸಿಯಾದ ಹೌಸಿಂಗ್ ತೋಡಿನ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತೆ. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ಬದಲಾಯಿಸಿ.

ಆ ಕಂದು ಪುಡಿಯೂ ನೀರಿನದ್ದೇ ಕೆಲಸ. ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಗ್ರೀಸ್ ಹೊಡೆಯಿರಿ, ನಾಲ್ಕೂ ಕಪ್ಪಿನ ಅಂಚಿನಿಂದ ಹೊಸ ಗ್ರೀಸ್ ಇಣುಕಬೇಕು. ಮೂರರಲ್ಲಿ ಮಾತ್ರ ಬಂದರೆ ನಾಲ್ಕನೆಯದು ಒಣಗಿದೆ ಅಂತಲೇ ಅರ್ಥ. ಡಬಲ್ ಜಾಯಿಂಟಿನ ನಡುವಿನ ಬಾಲ್‌ಗೆ ಸೂಜಿಯಂಥ ಮೂತಿಯ ನಾಜಲ್ ಬೇಕು, ಮಾಮೂಲಿ ಗ್ರೀಸ್ ಗನ್ ಅಲ್ಲಿಗೆ ಹಿಡಿಯಲ್ಲ.

ಸೋಮವಾರಪೇಟೆ_ಲೇಥ್:
ಇದನ್ನು ಮಡಿಕೇರಿ ರಸ್ತೆಗೆ ಇಳಿಸೋದಾದರೆ ಮೊದಲು ಕೆಎ-12 ಆರ್‌ಟಿಒಗೆ ಹೋಗಿ ಕೇಳಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇಂಥ ಬದಲಾವಣೆಗೆ ತಡೆ ಹಾಕುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ತೋಟದ ಗೇಟಿನೊಳಗೆ ಓಡಿಸೋದು ಬೇರೆ ಮಾತು.

ಕಕ್ಕಡ_ಕೆಸರು:
ಗಾಡಿ ತೋಟದೊಳಗೇ ಇರುತ್ತೆ. ಡಬಲ್ ಜಾಯಿಂಟ್ ಶಾಫ್ಟ್ ಹಾಕಿ, ಎಣ್ಣೆ ತುಂಬಿ ಆಯ್ತು. ಖಾಲಿ ಗಾಡಿಯಲ್ಲಿ ಹಿಂದಿನ ಜಾಯಿಂಟ್ 2 ಡಿಗ್ರಿ, 8 ಚೀಲ ಹಾಕಿದಾಗ ಇನ್ನೊಂದು ಕಡೆಗೆ 1. 45ರಲ್ಲಿ ಲಿವರ್ ಅಲುಗಾಡಲ್ಲ. ಏರಿನಲ್ಲಿ ಒಂದನೇ ಗೇರಲ್ಲಿ ಹೊರಡುವಾಗ ಮಾತ್ರ ಒಂದು ಕ್ಷಣ ದಡದಡ ಅನ್ನುತ್ತೆ.

ಬೋಲ್ಟ್‌ನಟ್_ಗೋಣಿಕೊಪ್ಪ:
ಅದು ಸ್ಪ್ರಿಂಗ್ ತಿರುಚೋದು. ಸ್ಪ್ರಿಂಗ್ ಮೇಲಿದ್ದಾಗ ಆಕ್ಸಲ್‌ಗೆ ತಿರುಚುವ ಬಲ ಜಾಸ್ತಿ ಸಿಗುತ್ತೆ. 100 ಕಿ.ಮೀ. ಓಡಿದ ಮೇಲೆ ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿ. ಹಳೇ ಯು ಬೋಲ್ಟೇ ಹಾಕಿದ್ದರೆ ಹೊಸದು ಹಾಕಿ, ಒಮ್ಮೆ ಎಳೆದು ಬಿಗಿದದ್ದು ಎರಡನೇ ಸಲ ಅಷ್ಟು ಹಿಡಿಯಲ್ಲ. ಆಮೇಲೂ ದಡದಡ ಇದ್ದರೆ ಹೌಸಿಂಗ್‌ನಿಂದ ಚಾಸಿಸ್‌ಗೆ ಒಂದು ತಡೆ ಸರಳು ಕೊಡಬೇಕು. ಮುಂದಿನ ತುದಿಗೆ ಶ್ಯಾಕಲ್ (ಆಡುವ ಕೊಂಡಿ) ಇರಲೇಬೇಕು, ಎರಡೂ ಕಡೆ ಬಿಗಿಯಾಗಿ ಕಟ್ಟಿದರೆ ಪರ್ಚಿನ ವೆಲ್ಡ್ ಬಿರುಕು ಬಿಡುತ್ತೆ.