ಚೀಟಿ ಕತ್ತರಿಸಿ ಜರ್ಮನ್ ವಾಕ್ಯ ಕಲಿತವರು ಯಾರಾದರೂ ಇದ್ದೀರಾ?

ಹಾಸನದ ನರ್ಸ್: ಜರ್ಮನ್ ಭಾಷೆಯ ಬಿ1 ಹಂತದ ಪರೀಕ್ಷೆಗೆ ಓದುತ್ತಿದ್ದೇನೆ. ಪದ ಗೊತ್ತು, ಬರೆಯಲು ಕೂತರೆ ಕ್ರಿಯಾಪದ ಎಲ್ಲೆಲ್ಲೋ ಕೂರುತ್ತದೆ. ವಾಕ್ಯವನ್ನು ಪದಪದವಾಗಿ ಕತ್ತರಿಸಿ ಚೀಟಿ ಮಾಡಿ, ಕಲಸಿ, ಮತ್ತೆ ಜೋಡಿಸಿ, ಆಮೇಲೆ ನೋಡದೆ ಬರೆಯಿರಿ ಅಂತಾರೆ. ಉಪಯೋಗ ಆಯ್ತಾ? ದಿನಕ್ಕೆ ಸಿಗೋದು ಒಂದೇ ಗಂಟೆ.

ರಾತ್ರಿಪಾಳಿ: ನಾಲ್ಕು ತಿಂಗಳು ಚೀಟಿ ಮಾಡಿದೆ. ಎರಡು ರೀಮ್ ಹಾಳೆ ಹೋಯ್ತು. ಹಾರಿಹೋಗುತ್ತವೆ ಅಂತ ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೂತೆ. ಮಂಚದ ಕೆಳಗೆ ಇವತ್ತಿಗೂ 'ಬಿನ್' ಅನ್ನೋ ಕ್ರಿಯಾಪದದ ಚೀಟಿ ಒಂದು ಬಿದ್ದಿದೆ. ಬರವಣಿಗೆಯಲ್ಲಿ ಬಂದದ್ದು 54, ಬೇಕಿದ್ದದ್ದು 60. ಮತ್ತೆ ಫೀಸು, ಮತ್ತೆ ರಜೆ, ಮತ್ತೆ ಬೆಂಗಳೂರಿನ ಬಸ್ಸು. ನಾಮಪದದ ಮುಂದೆ 'ಡೆರ್' ಬೇಕಾ 'ಡೆಮ್' ಬೇಕಾ ಅನ್ನೋ ತಲೆನೋವನ್ನು ಚೀಟಿಯೇ ಬಿಡಿಸಿಟ್ಟಿರುತ್ತದೆ. ಪರೀಕ್ಷೆಯಲ್ಲಿ ಖಾಲಿ ಹಾಳೆ ಏನೂ ಕೊಡೋದಿಲ್ಲ.

ಚೀಟಿ ಅಕ್ಕ: ತಪ್ಪು ಚೀಟಿಯದ್ದಲ್ಲ ತಮ್ಮಾ. 'ಗೆಸ್ಟರ್ನ್ ಬಿನ್ ಇಖ್ ನಾಖ್ ಮೈಸೂರು ಗೆಫಾರನ್' ಸರಿ. 'ಇಖ್ ಬಿನ್ ಗೆಸ್ಟರ್ನ್ ನಾಖ್ ಮೈಸೂರು ಗೆಫಾರನ್' ಅದೂ ಸರಿ. ಇದು ಗೊತ್ತಿಲ್ಲದೆ ಎರಡು ವಾರ ನನಗೆ ನಾನೇ ಕೆಂಪು ಗೀಟು ಹಾಕಿಕೊಂಡೆ. ಇದನ್ನೇ ಕನ್ನಡದಲ್ಲಿ 'ನಿನ್ನೆ ನಾನು ಮೈಸೂರಿಗೆ ಹೋದೆ' ಅನ್ನೋದನ್ನು ನಾವು ಹೇಗೆ ತಿರುಗಿಸಿದರೂ ನಡೆಯುತ್ತದೆ. ಜರ್ಮನ್‌ನಲ್ಲಿ 'ಬಿನ್' ಎರಡನೇ ಜಾಗ ಬಿಟ್ಟು ಕದಲೋದಿಲ್ಲ. ಪುಸ್ತಕ ಓದಿದಾಗ ಹತ್ತದೇ ಇದ್ದದ್ದು ಚೀಟಿ ಸರಿಸುವಾಗ ತಲೆಗೆ ಹತ್ತಿತು. ನನಗೆ 81 ಬಂತು.

ಕಾಪಿಪುಸ್ತಕ: ಚೀಟಿ ಮಕ್ಕಳಾಟ. ನಾನು ದಿನಾ ಎಂಟು ಸಾಲು ಓದಿ, ಮುಚ್ಚಿಟ್ಟು, ಸ್ನಾನ ಮಾಡಿ ಬಂದು ಬರೆಯುತ್ತಿದ್ದೆ. 'ವೈಲ್' (ಏಕೆಂದರೆ) ಬಂದರೆ ಕ್ರಿಯಾಪದ ನಮ್ಮಂತೆ ಕೊನೆಗೆ ಹೋಗುತ್ತದೆ, ಅದನ್ನೇ ಮೂರು ವಾರ ತಪ್ಪಿದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಬರವಣಿಗೆ ಕಲಿಯಲು ಪ್ರತಿ ವಾಕ್ಯಕ್ಕೆ ಸಣ್ಣ ಸುಳಿವು ಬರೆದಿಟ್ಟು, ಕೆಲವು ದಿನ ಬಿಟ್ಟು ನೆನಪಿನಿಂದ ಬರೆದು, ಮೂಲಕ್ಕೆ ಹೋಲಿಸಿ ತಿದ್ದಿಕೊಂಡವನು.

ಚೀಟಿ ಅಕ್ಕ: ಅದೇ ಫ್ರಾಂಕ್ಲಿನ್ ಆ ಸುಳಿವುಗಳನ್ನು ಕಲಸಿಟ್ಟು, ಕೆಲವು ವಾರ ಬಿಟ್ಟು ಜೋಡಿಸಿದ್ದನ್ನು ಯಾಕೆ ನುಂಗಿದಿರಿ? ಮಕ್ಕಳಾಟ ಅಲ್ವಾ?

ರಾತ್ರಿಪಾಳಿ: ಅವನು ಬರೆದದ್ದು ಅವನ ಮನೆಮಾತಿನಲ್ಲಿ. ನೈಟ್ ಡ್ಯೂಟಿ ಮುಗಿಸಿ ಬಂದು 'ಗೆಫಾರನ್' ಹುಡುಕಬೇಕಿತ್ತಾ ಅವನು?

ಕಾಪಿಪುಸ್ತಕ: ಅಕ್ಕಾ, ಮೊದಲು 'ನಾನು' ಅನ್ನೋದಕ್ಕೆ 'ಇಖ್' ಅನ್ನೋದು ಬಿಡಿ, ಸುಮ್ನೆ ಹೊಸಬರ ನಾಲಿಗೆ ಕೆಡಿಸಬೇಡಿ. ಅದು 'ಇಶ್'.

ಚೀಟಿ ಅಕ್ಕ: ಕನ್ನಡದಲ್ಲಿ ಆ ಉಚ್ಚಾರಕ್ಕೆ ಅಕ್ಷರವೇ ಇಲ್ಲ, ಎರಡೂ ತಪ್ಪೇ. 'ಇಶ್' ಅನ್ನೋದು ಜರ್ಮನಿಯ ಕಲೋನ್ ಊರಿನ ಕಡೆಯವರು.

ಕಾಪಿಪುಸ್ತಕ: ನಾನು ಇರೋದೇ ಕಲೋನ್‌ನಲ್ಲಿ.