ಥರ್ಮೋಸ್ಟಾಟ್ ಸ್ಕ್ರೀನ್ ಪೂರ್ತಿ ಕಪ್ಪು, ಮನೆ ತಣ್ಣಗಾಗ್ತಾ ಇದೆ, ಬೇಗ ಹೇಳಿ

ತೀರ್ಥಳ್ಳಿ ಹುಡುಗಿ, ಮಿಷಿಗನ್
ಮನೆಯ ಬಿಸಿ ಹತೋಟಿಯಲ್ಲಿಡೋ ಗೋಡೆ ಡಬ್ಬಿ, ರಾತ್ರಿ ಮಲಗುವಾಗ ಸರಿಯಾಗಿಯೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಸ್ಕ್ರೀನ್ ಕಪ್ಪು. ಒತ್ತಿದರೂ ಇಲ್ಲ, ತಿರುಗಿಸಿದರೂ ಇಲ್ಲ. ಹೊರಗೆ 9 ಡಿಗ್ರಿ. ಮನೆಯೊಳಗೆ 58ಕ್ಕೆ ಇಳಿದಿದೆ. ಊರಿಂದ ಅತ್ತೆ ಮಾವ ಬಂದಿದ್ದಾರೆ, ಇಬ್ಬರೂ ಶಾಲು ಹೊದ್ದು ಒಲೆ ಪಕ್ಕ ಕೂತಿದ್ದಾರೆ. ರಿಪೇರಿಯವರು ಗುರುವಾರ ಬರ್ತೀವಿ ಅಂತಾರೆ. ಎಲ್ಲಾ ಚೆಕ್ ಮಾಡಿ ಆಯ್ತು. ಹೊಸದು ತಂದು ಹಾಕಲಾ? ಯಾವುದು ಒಳ್ಳೇದು?

ಜಯನಗರ 4ನೇ ಬ್ಲಾಕ್
9 ಡಿಗ್ರಿಗೆ ಇಷ್ಟೊಂದು ಗಾಬರಿನಾ? ನಮ್ಮಲ್ಲೂ ಮೊನ್ನೆ 13 ಇತ್ತು. ಸ್ವೆಟರ್ ಹಾಕ್ಕೊಂಡು ವಾಕಿಂಗ್ ಹೋಗಿಬಂದೆ.

ತೀರ್ಥಳ್ಳಿ ಹುಡುಗಿ
ಸ್ವಾಮಿ, ಇದು ಫ್ಯಾರನ್‌ಹೀಟ್. ನಿಮ್ಮ 13ರ ಮುಂದೆ ಒಂದು ಮೈನಸ್ ಹಾಕಿ, ಆಮೇಲೆ ವಾಕಿಂಗ್ ಹೋಗಿ.

ಡಲ್ಲಾಸ್ ರಾಯ
ಸಿ ವೈರ್ ಇಲ್ಲ, ಅಂದರೆ ಥರ್ಮೋಸ್ಟಾಟಿಗೆ ಸದಾ ಕರೆಂಟ್ ಸಿಗುವ ಹಾಗೆ ಮಾಡೋ ವೈರ್. ಬರೆದಿಟ್ಟುಕೊಳ್ಳಿ. ಸ್ಮಾರ್ಟ್ ಥರ್ಮೋಸ್ಟಾಟ್ ಒಳಗೆ ಪುಟ್ಟ ಬ್ಯಾಟರಿ ಇರುತ್ತದೆ. ಸಿ ವೈರ್ ಇಲ್ಲದ ಮನೆಯಲ್ಲಿ ಅದು ಬೇರೆ ವೈರುಗಳಿಂದ ಸ್ವಲ್ಪ ಸ್ವಲ್ಪ ಕರೆಂಟ್ ಕದ್ದು ಚಾರ್ಜ್ ಆಗುತ್ತದೆ. ಇಂಥ ಚಳಿಯಲ್ಲಿ ಫರ್ನೇಸ್ (ಮನೆ ಬಿಸಿ ಮಾಡುವ ಯಂತ್ರ) ಬಿಡುವೇ ಇಲ್ಲದೆ ಉರಿಯುವಾಗ ಕದಿಯೋಕೆ ಸಮಯ ಎಲ್ಲಿ? ಬ್ಯಾಟರಿ ಖಾಲಿ, ಸ್ಕ್ರೀನ್ ಕಪ್ಪು. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಬೇಸ್‌ಮೆಂಟ್ ಭಟ್ಟ
ಸರ್, "ಎಲ್ಲಾ ಚೆಕ್ ಮಾಡಿ ಆಯ್ತು" ಅಂದರೆ ಏನೇನು? ಗ್ಯಾಸ್ ಫರ್ನೇಸಾ, ಹೀಟ್ ಪಂಪಾ? ಫರ್ನೇಸಿನ ಬಾಗಿಲಲ್ಲಿ ಸಣ್ಣ ಕಿಂಡಿ ಇರುತ್ತದೆ, ಒಳಗೆ ಸರ್ಕ್ಯೂಟ್ ಬೋರ್ಡಿನ ದೀಪ ಉರೀತಾ ಇದೆಯಾ? ಸುತ್ತ ನೀರು ನಿಂತಿದೆಯಾ? ಹೊಸ ಥರ್ಮೋಸ್ಟಾಟ್ ಈಗಲೇ ತರಬೇಡಿ. ಸ್ಕ್ರೀನ್ ಸತ್ತಿದೆ ಅಂದರೆ ಸಾಮಾನ್ಯವಾಗಿ ಕೆಳಗಿನಿಂದ ಕರೆಂಟ್ ಬರ್ತಾ ಇಲ್ಲ ಅಂತ.

ತೀರ್ಥಳ್ಳಿ ಹುಡುಗಿ
ಗ್ಯಾಸೇ, ಇನ್ನೇನು. ಬ್ರೇಕರ್ ಬಿದ್ದಿಲ್ಲ, ಫಿಲ್ಟರ್ ಹೊಸದು, ನೀರಿಲ್ಲ. ಬೋರ್ಡಿನ ದೀಪ ಆರಿದೆ. ಗೋಡೆ ಮೇಲಿಂದ ಥರ್ಮೋಸ್ಟಾಟ್ ಬಿಚ್ಚಿ ನೋಡಿದೆ, ಸಿ ಅನ್ನೋ ಜಾಗಕ್ಕೆ ನೀಲಿ ವೈರ್ ಇದೆ. ಮತ್ತೆ ನಾನು ಸರ್ ಅಲ್ಲ.

ಡಲ್ಲಾಸ್ ರಾಯ
ಗೋಡೆಯಲ್ಲಿ ನೀಲಿ ವೈರ್ ಇದ್ದರೆ ಆಗಲಿಲ್ಲ. ಎಷ್ಟೋ ಮನೆಗಳಲ್ಲಿ ಆ ತುದಿಯನ್ನು ಬೋರ್ಡಿಗೆ ಸೇರಿಸಿಯೇ ಇರೋದಿಲ್ಲ. ಸುಮ್ನೆ ಸುತ್ತಿ ಬಿಟ್ಟಿರ್ತಾರೆ.

ಬ್ರಾಂಪ್ಟನ್ ಬೋರೇಗೌಡ
ಎಕೋಬೀ ಥರ್ಮೋಸ್ಟಾಟ್ ತಗೊಳ್ಳಿ ಕಣ್ರೀ. ನಮ್ಮ ಟೊರಾಂಟೊ ಕಂಪನಿ. ಮಲಗುವ ಕೋಣೆಗೊಂದು, ಮಗನ ಕೋಣೆಗೊಂದು, ಬೇಸ್‌ಮೆಂಟಿಗೊಂದು ಸೆನ್ಸರ್ ಇಟ್ಟಿದ್ದೇನೆ. ದೇವರಮನೆಗೂ ಒಂದು ಇದೆ.

ಹಳೇಮನೆ ಮಿನ್ನೆಸೋಟ
ದೇವರಿಗೂ ಸೆನ್ಸರಾ! ನಮ್ಮ ಮನೆ ಗೋಡೆಯಲ್ಲಿ ಹನಿವೆಲ್ ದುಂಡು ಥರ್ಮೋಸ್ಟಾಟ್ ಇನ್ನೂ ಇದೆ. 1953ರಲ್ಲಿ ನಮ್ಮ ಮಿನಿಯಾಪೊಲಿಸ್ ಕಂಪನಿ ಹೊರತಂದ ಮಾದರಿ. ಒಳಗೆ ಸುರುಳಿ ಲೋಹದ ಪಟ್ಟಿ, ಅದರ ಮೇಲೆ ಗಾಜಿನ ಬುರುಡೆಯಲ್ಲಿ ಒಂದು ಹನಿ ಪಾದರಸ. ಚಳಿಯಾದರೆ ಪಟ್ಟಿ ತಿರುಗುತ್ತದೆ, ಪಾದರಸ ಈ ಕಡೆಗೆ ಹರಿದು ಎರಡು ತಂತಿ ಸೇರಿಸುತ್ತದೆ. ಬ್ಯಾಟರಿ ಇಲ್ಲ, ವೈಫೈ ಇಲ್ಲ, ಪಾಸ್‌ವರ್ಡ್ ಇಲ್ಲ.

ಹುಬ್ಬಳ್ಳಿ ಮಂದಿ
ಪಾದರಸ ಮನಿಯೊಳಗ ಇಟ್ಕೊಂಡು ಹೆಮ್ಮೆ ಪಡೋದು ಏನೈತ್ರಿ? ತೆಗೆದ ದಿನ ಕಸದ ಬುಟ್ಟಿಗೆ ಒಗೀಬ್ಯಾಡ್ರಿ ಮತ್ತ. ಅಪಾಯದ ಕಸ ಅಂತ ಬ್ಯಾರೆ ತಗೋತಾರ, ಅಲ್ಲೇ ಕೊಡ್ರಿ.

ಹಳೇಮನೆ ಮಿನ್ನೆಸೋಟ
ತೆಗೆಯೋರು ಯಾರು?

ಕ್ಯೂಪರ್ಟಿನೊ ಕೃಷ್ಣ
ಮೇಡಂ, ವೈರ್ ವಿಷಯ. ನಿಮ್ಮ ಯಜಮಾನರಿಗೆ ಹೇಳಿ ನೋಡೋಕೆ.

ತೀರ್ಥಳ್ಳಿ ಹುಡುಗಿ
ಯಜಮಾನರಿಗೆ ಮಲ್ಟಿಮೀಟರ್ ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಓದಿದವಳು. ವಿಷಯಕ್ಕೆ ಬನ್ನಿ.

ಬೇಸ್‌ಮೆಂಟ್ ಭಟ್ಟ
ಹಾಗಿದ್ರೆ ಸುಲಭ ಆಯ್ತು. ಮೀಟರನ್ನು ಎಸಿ ವೋಲ್ಟಿಗೆ ಇಡಿ. ಗೋಡೆಯಲ್ಲಿ ಆರ್ (ಕರೆಂಟ್ ತರುವ ವೈರ್) ಮತ್ತು ಸಿ ನಡುವೆ 24ರಿಂದ 28 ಬರಬೇಕು. ಸೊನ್ನೆ ಬಂದರೆ ಫರ್ನೇಸ್ ಪಕ್ಕದ ಸ್ವಿಚ್ ಆರಿಸಿ, ಕೆಳಗಿನ ಬಾಗಿಲು ತೆಗೆಯಿರಿ. ಬೋರ್ಡ್ ಮೇಲೆ ಕಾರಿಗೆ ಹಾಕುವಂಥ ಫ್ಯೂಸ್ ಕಾಣುತ್ತದೆ. ನೇರಳೆ ಆದರೆ 3 ಆಂಪ್, ತಿಳಿ ಕಂದು ಆದರೆ 5. ಕಿತ್ತು ಬೆಳಕಿಗೆ ಹಿಡಿದು ನೋಡಿ. ಅಲ್ಲಿವರೆಗೆ ಸಿಂಕ್ ಕೆಳಗಿನ ಬಾಗಿಲು ತೆರೆದಿಡಿ, ನಲ್ಲಿ ಸಣ್ಣಗೆ ಹನಿಯುತ್ತಿರಲಿ. ಪೈಪ್ ಹೆಪ್ಪುಗಟ್ಟಿ ಒಡೆದರೆ ಇದಕ್ಕಿಂತ ದೊಡ್ಡ ಖರ್ಚು. ರೂಮ್ ಹೀಟರ್ ಇಟ್ಟರೆ ನೇರ ಗೋಡೆಯ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಷನ್ ಬೇಡ.

ಡಲ್ಲಾಸ್ ರಾಯ
ಫ್ಯೂಸ್ ಸುಮ್ ಸುಮ್ನೆ ಹೋಗಲ್ಲ ಭಟ್ರೇ. ಸಿ ವೈರಿನ ಇನ್ನೊಂದು ತುದಿ ಮೊದಲು ನೋಡಲಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಕರೆಂಟೇ ಹೋಗಿತ್ತಲ್ಲ, ಆಗ ನಾನು...

ಬೇಸ್‌ಮೆಂಟ್ ಭಟ್ಟ
ಕರೆಂಟೇ ಇಲ್ಲದಿದ್ದಾಗ ಸಿ ವೈರ್ ಏನು ಮಾಡುತ್ತೆ ಮಾರಾಯ್ರೇ?

ತೀರ್ಥಳ್ಳಿ ಹುಡುಗಿ
ಆರ್ ಸಿ ನಡುವೆ ಸೊನ್ನೆ. ಫ್ಯೂಸ್ ಹೋಗಿದೆ. ನೇರಳೆ ಪ್ಲಾಸ್ಟಿಕ್ ಒಳಗಿನ ಕಮಾನು ತಂತಿ ಮಧ್ಯಕ್ಕೆ ಕತ್ತರಿಸಿ ಎರಡೂ ತುದಿ ಉಂಡೆ ಕಟ್ಟಿವೆ, ಪಕ್ಕದಲ್ಲಿ ಕಪ್ಪು ಮಸಿ. ನೀಲಿ ವೈರ್ ಬೋರ್ಡಿನ ಸಿಗೆ ಗಟ್ಟಿಯಾಗಿಯೇ ಸೇರಿದೆ, ರಾಯರು ಗಮನಿಸಿ. ಕಾರ್ ಬಿಡಿಭಾಗದ ಅಂಗಡಿಗೆ ಹೊರಟೆ.

ತೀರ್ಥಳ್ಳಿ ಹುಡುಗಿ
ಹಾಕಿದೆ. ಸ್ಕ್ರೀನ್ ಬಂತು, ಬೆಂಕಿ ಹೊತ್ತಿತು, ಮಾವ ಚಪ್ಪಾಳೆ ತಟ್ಟಿದರು. ಕಾಫಿ ಕುದಿಯೋ ಅಷ್ಟರಲ್ಲಿ ಮತ್ತೆ ಕಪ್ಪು. ಹೊಸ ಫ್ಯೂಸೂ ಹೋಯ್ತು.

ಕ್ಯೂಪರ್ಟಿನೊ ಕೃಷ್ಣ
10 ಆಂಪ್ ಹಾಕಿ. ನಿಲ್ಲುತ್ತೆ.

ಬೇಸ್‌ಮೆಂಟ್ ಭಟ್ಟ
ದಯವಿಟ್ಟು ಹಾಕಬೇಡಿ. ಆ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ 40 ವಿಎ, ಅಂದರೆ 24 ವೋಲ್ಟಿನಲ್ಲಿ ಎರಡು ಆಂಪೂ ಪೂರ್ತಿ ಇಲ್ಲ. 10 ಹಾಕಿದರೆ ಫ್ಯೂಸ್ ಉಳಿದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೃಷ್ಣ ಅವರೇ, ನಿಮ್ಮಲ್ಲಿ ಚಳಿಯೂ ಇಲ್ಲ, ಫರ್ನೇಸ್ ಉರಿಸುವ ಕಷ್ಟವೂ ಇಲ್ಲ. ಸುಮ್ನಿರಿ.

ಮೇಡಂ, ಹಾಕಿದ ತಕ್ಷಣ ಹೋಗಲಿಲ್ಲ, ಉರಿ ಹೊತ್ತಿದ ಮೇಲೆ ಹೋಯ್ತು. ಇದು ಮುಖ್ಯ. ಫರ್ನೇಸ್ ಜೊತೆಗೆ ಚಾಲೂ ಆಗುವ ಯಾವುದೋ ಒಂದರಲ್ಲಿ ಶಾರ್ಟ್ ಇದೆ. ಬೋರ್ಡಿಂದ ಬೇರೆ ಯಾವ ಯಾವ ವೈರ್ ಹೊರಗೆ ಹೋಗಿವೆ?

ಡಲ್ಲಾಸ್ ರಾಯ
ಗೋಡೆ ಒಳಗೆ ಸಿ ವೈರನ್ನು ಇಲಿ ಕಡಿದಿದೆ.

ತೀರ್ಥಳ್ಳಿ ಹುಡುಗಿ
ಹೊರಗಿನ ಏಸಿಗೆ ಒಂದು, ಗಾಳಿಗೆ ತೇವ ಸೇರಿಸೋ ಹ್ಯುಮಿಡಿಫೈಯರ್‌ಗೆ ಒಂದು. ಮಾಮೂಲಿ. ಮಗನಿಗೆ ಮೂಗಲ್ಲಿ ರಕ್ತ ಬರ್ತಿತ್ತು ಅಂತ ಈ ವಾರ ಅದನ್ನು ಆನ್ ಮಾಡಿದ್ದು.

ಬೇಸ್‌ಮೆಂಟ್ ಭಟ್ಟ
ಅಯ್ಯೋ, ಇದನ್ನು ಮೊದಲೇ ಹೇಳೋದಲ್ವಾ! ಏಸಿ ವೈರಿಗೆ ಚಳಿಗಾಲದಲ್ಲಿ ಕರೆಂಟ್ ಹೋಗೋದೇ ಇಲ್ಲ, ಅದನ್ನು ಬಿಡಿ. ಹ್ಯುಮಿಡಿಫೈಯರ್ ಪಕ್ಕದಲ್ಲಿ ತೆಳ್ಳಗಿನ ನೀರಿನ ಪೈಪ್ ಬಂದು ಸೇರುವ ಕಡೆ ಒಂದು ಪುಟ್ಟ ವಾಲ್ವ್ ಇದೆ. ಫರ್ನೇಸ್ ಉರಿಯುವಾಗ, ಗಾಳಿ ಒಣಗಿದ್ದರೆ, ಅದರ ಕಾಯಿಲ್‌ಗೆ 24 ವೋಲ್ಟ್ ಹೋಗಿ ನೀರು ಬಿಡುತ್ತದೆ. ಸ್ವಿಚ್ ಆರಿಸಿ, ಕಾಯಿಲ್‌ನ ಎರಡೂ ವೈರ್ ಬಿಚ್ಚಿ, ಮೀಟರ್ ಇಟ್ಟು ನೋಡಿ. ಹತ್ತಾರು ಓಮ್ ಬರಬೇಕು. ಸೊನ್ನೆ ಹತ್ತಿರ ಬಂದರೆ ಕಾಯಿಲ್ ಸುಟ್ಟಿದೆ. ಬಿಚ್ಚಿದ ತುದಿಗಳಿಗೆ ಬೇರೆ ಬೇರೆ ಟೇಪ್ ಸುತ್ತಿ ಫರ್ನೇಸ್ ಓಡಿಸಿ.

ತೀರ್ಥಳ್ಳಿ ಹುಡುಗಿ
ಮೀಟರ್ 1.2 ತೋರಿಸಿತು. ಕಾಯಿಲ್ ಮೇಲಿನ ಪ್ಲಾಸ್ಟಿಕ್ ಒಂದು ಬದಿಗೆ ಉಬ್ಬಿ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಬಿಚ್ಚಿ ಟೇಪ್ ಸುತ್ತಿದೆ. ಮೂರನೇ ಫ್ಯೂಸ್ ನಿಂತಿದೆ, ಮನೆ 66ಕ್ಕೆ ಬಂದಿದೆ. ವಾಲ್ವ್ ಮಾತ್ರ ತರಿಸ್ತೇನೆ. ಭಟ್ರೇ, ತುಂಬಾ ಥ್ಯಾಂಕ್ಸ್. ಗುರುವಾರದವರಿಗೆ ಬೇಡ ಅಂದೆ.

ಬ್ರಾಂಪ್ಟನ್ ಬೋರೇಗೌಡ
66ಕ್ಕೆ ಅತ್ತೆ ಮಾವ ಇರ್ತಾರಾ? ನಮ್ಮಲ್ಲಿ ಅಪ್ಪ ಬಂದರೆ 74. ಬಿಲ್ ನೋಡೋ ಹಾಗಿಲ್ಲ.

ಹಳೇಮನೆ ಮಿನ್ನೆಸೋಟ
ಹೊಸ ವಾಲ್ವ್ ಹಾಕಿದ ಮೇಲೆ ತೇವಾಂಶ ಜಾಸ್ತಿ ಇಡಬೇಡಿ. ಇಷ್ಟು ಚಳಿಗೆ 40 ಪರ್ಸೆಂಟ್ ಇಟ್ಟರೆ ಕಿಟಕಿ ತುಂಬಾ ನೀರು, ಚೌಕಟ್ಟು ಕೊಳೆಯುತ್ತೆ.

ಡಲ್ಲಾಸ್ ರಾಯ
ಸರಿ ಹೋಯ್ತಲ್ಲ, ಸಂತೋಷ. ಆದರೂ ಆ ನೀಲಿ ವೈರ್ ಒಮ್ಮೆ ಬದಲಾಯಿಸಿಬಿಡಿ.

ಎಡಿಸನ್ ಎಚ್ಚೆಮ್
ನನ್ನದೂ ಸೇಮ್ ಪ್ರಾಬ್ಲಂ. ಸ್ಕ್ರೀನ್ ಕಪ್ಪು. ಹ್ಯುಮಿಡಿಫೈಯರ್ ಇಲ್ಲ. ಏನು ಮಾಡೋದು?

ಬೇಸ್‌ಮೆಂಟ್ ಭಟ್ಟ
ಬೇರೆ ಚರ್ಚೆ ಶುರು ಮಾಡಿ ಸರ್, ಇದರಲ್ಲಿ ಬೆರೆಸಬೇಡಿ. ಫರ್ನೇಸ್ ಎಲ್ಲಿದೆ, ಫ್ಯೂಸ್ ಹೇಗಿದೆ ಅಂತ ಬರೆಯಿರಿ.

ಎಡಿಸನ್ ಎಚ್ಚೆಮ್
ಅಟ್ಟದಲ್ಲಿದೆ. ಫ್ಯೂಸ್ ಚೆನ್ನಾಗಿದೆ. ಬಿಳಿ ಪಿವಿಸಿ ಪೈಪ್ ಹೊರಗೆ ಹೋಗಿದೆ. ಸಮಸ್ಯೆ ಒಂದೇ ಅಲ್ವಾ, ಬೇರೆ ಯಾಕೆ?

ಬೇಸ್‌ಮೆಂಟ್ ಭಟ್ಟ
ಒಂದೇ ಅಲ್ಲ. ಪಿವಿಸಿ ಪೈಪಿನ ಫರ್ನೇಸ್ ಉರಿಯುವಾಗ ನೀರು ಬಿಡುತ್ತದೆ. ಅಟ್ಟ ತಣ್ಣಗಿದ್ದರೆ ಆ ನೀರು ಹೋಗುವ ಪೈಪ್ ಹೆಪ್ಪುಗಟ್ಟಿ ಕೆಳಗಿನ ಪ್ಯಾನ್ ತುಂಬುತ್ತದೆ. ಪ್ಯಾನಿನಲ್ಲಿ ಫ್ಲೋಟ್ ಸ್ವಿಚ್ ಇದ್ದರೆ ಅದು ಮೇಲೆದ್ದು 24 ವೋಲ್ಟ್ ಕಟ್ ಮಾಡಿರುತ್ತದೆ. ಪ್ಯಾನಿನಲ್ಲಿ ನೀರಿದೆಯಾ ನೋಡಿ.

ಎಡಿಸನ್ ಎಚ್ಚೆಮ್
ಯಾವ ಪ್ಯಾನ್?